ಎಲ್‌ಎಲ್‌ಎಂ ಮುಗಿದಿದೆ, ಲಂಡನ್‌ನಲ್ಲಿ ವಕೀಲಿ ಕೆಲಸ ಸಿಗುತ್ತಿಲ್ಲ. ದಾರಿ ಗೊತ್ತಿದ್ದವರು ಹೇಳುತ್ತೀರಾ?

ಡೊಂಬಿವಲಿ ಈಸ್ಟ್:

ಎಲ್ಲರಿಗೂ ನಮಸ್ಕಾರ. ಇಲ್ಲಿ ವಕೀಲಿ ಮಾಡುವವರು, ಹೊರದೇಶಕ್ಕೆ ಹೋಗಿ ಬಂದವರು ಇದ್ದಾರೆ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಊರು ಕುಂದಾಪುರದ ಕಡೆ. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪನಿಗೆ ಕಲ್ಯಾಣ ಕೋರ್ಟಿನ ಹತ್ತಿರ ಜೆರಾಕ್ಸ್ ಅಂಗಡಿ ಇದೆ. ಶಾಲೆಗೆ ರಜೆ ಇದ್ದಾಗ ನಾನೂ ಅಲ್ಲಿ ಕೂತು ವಕೀಲರ ಕಾಗದಗಳಿಗೆ ಪುಟದ ನಂಬರ್ ಹಾಕುತ್ತಿದ್ದೆ, ಹಸಿರು ಲೆಡ್ಜರ್ ಪೇಪರ್ ಎಣಿಸಿ ಕೊಡುತ್ತಿದ್ದೆ. ವಕೀಲೆ ಆಗಬೇಕು ಅನ್ನುವ ಆಸೆ ಹುಟ್ಟಿದ್ದು ಆ ಕೌಂಟರ್ ಹಿಂದೆಯೇ. ಮುಂಬೈಯಲ್ಲಿ ಎಲ್‌ಎಲ್‌ಬಿ ಮಾಡಿದೆ, 2020ರಲ್ಲಿ ಸನದು (ವಕೀಲಿ ಮಾಡುವ ಪರವಾನಗಿ) ಸಿಕ್ಕಿತು. ಮೂರು ವರ್ಷ ಕಲ್ಯಾಣ, ಠಾಣೆ ಕೋರ್ಟುಗಳಲ್ಲಿ ಒಬ್ಬರು ಸೀನಿಯರ್ ಕೈಕೆಳಗೆ ಕೆಲಸ ಮಾಡಿದೆ. 2023ರಲ್ಲಿ ಲಂಡನ್‌ಗೆ ಎಲ್‌ಎಲ್‌ಎಂಗೆ, ಅಂದರೆ ಕಾನೂನಿನ ಮಾಸ್ಟರ್ಸ್‌ಗೆ ಹೋದೆ. ಕಮರ್ಷಿಯಲ್ ಲಾ. ಒಳ್ಳೆಯ ಮಾರ್ಕ್ಸ್ ಬಂತು.

ಆಮೇಲೆ ಎರಡು ವರ್ಷದ ಗ್ರಾಜುಯೇಟ್ ವೀಸಾ ತೆಗೆದುಕೊಂಡೆ. ಅದರಲ್ಲಿ ಈಗ ಉಳಿದಿರುವುದು 11 ತಿಂಗಳು. ಇಲ್ಲಿಯವರೆಗೆ 132 ಅರ್ಜಿ ಹಾಕಿದ್ದೇನೆ. ಎಲ್ಲಾ ಒಂದು ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಿದ್ದೇನೆ. ಹೆಚ್ಚಿನವು ಟ್ರೇನಿಂಗ್ ಕಾಂಟ್ರ್ಯಾಕ್ಟ್‌ಗೆ (ವಕೀಲರಾಗುವ ಮೊದಲಿನ ತರಬೇತಿ ಕೆಲಸ), ಉಳಿದವು ಪ್ಯಾರಾಲೀಗಲ್ (ವಕೀಲರ ಸಹಾಯಕರ) ಕೆಲಸಕ್ಕೆ. ಇಂಟರ್‌ವ್ಯೂಗೆ ಕರೆದದ್ದು ನಾಲ್ಕು ಕಡೆ. ಒಂದು ಕಡೆ 'ಯುಕೆ ಅನುಭವ ಇಲ್ಲ' ಅಂದರು, ಇನ್ನೊಂದು ಕಡೆ 'ಈ ಕೆಲಸಕ್ಕೆ ನಿಮ್ಮ ಓದು ಜಾಸ್ತಿ ಆಯಿತು' ಅಂದರು. ಉಳಿದ ಎರಡು ಕಡೆಯಿಂದ ಉತ್ತರವೇ ಬರಲಿಲ್ಲ. ಸದ್ಯಕ್ಕೆ ಹ್ಯಾರೋದಲ್ಲಿ ಒಬ್ಬ ಅಕೌಂಟೆಂಟ್ ಆಫೀಸಿನಲ್ಲಿ ವಾರಕ್ಕೆ ಮೂರು ದಿನ ಫೈಲಿಂಗ್ ಮಾಡುತ್ತೇನೆ, ಶನಿವಾರ ಭಾನುವಾರ ಸೀರೆ ಅಂಗಡಿ. ಸಾಲ 36 ಲಕ್ಷ. ತಿಂಗಳ ಕಂತು 41 ಸಾವಿರ, ಶುರುವಾಗಿಬಿಟ್ಟಿದೆ.

ಈಗ ಅಣ್ಣನ ಮದುವೆಗೆ ಮೂರು ವಾರ ಊರಿಗೆ ಬಂದಿದ್ದೇನೆ. ಮದುವೆ ಹಾಲ್‌ನಲ್ಲಿ ಅಪ್ಪ ಬಂದವರಿಗೆಲ್ಲ 'ನನ್ನ ಮಗಳು, ಲಂಡನ್‌ನಲ್ಲಿ ವಕೀಲೆ' ಅಂತ ಪರಿಚಯ ಮಾಡಿಸಿದರು. ನನಗೆ ಎಲೆ ಮುಂದೆ ಕೂತು ಊಟ ಮಾಡಲು ಆಗಲಿಲ್ಲ.

ನಾನು ಎಲ್ಲಿ ತಪ್ಪುತ್ತಿದ್ದೇನೆ? ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಅಲ್ಲಿನ ವಕೀಲರು) ಆಗಲು ಬರೆಯುವ ಎಸ್‌ಕ್ಯೂಇ ಪರೀಕ್ಷೆ ಕಟ್ಟಬೇಕಾ, ಇನ್ನೂ ಸಾಲ ಮಾಡಿ? ದುಬೈ, ಕೆನಡಾ, ಅಮೆರಿಕ ನೋಡಬೇಕಾ? ಲಂಡನ್‌ನಲ್ಲಿ ಒಬ್ಬ ಏಜೆಂಟ್ 12,000 ಪೌಂಡ್ ಕೊಟ್ಟರೆ ಕೆಲಸದ ವೀಸಾಕ್ಕೆ ಬೇಕಾದ ಕಂಪನಿಯ ಸ್ಪಾನ್ಸರ್‌ಶಿಪ್ ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾನೆ. ಅಥವಾ ಕಲ್ಯಾಣಕ್ಕೇ ವಾಪಸ್ ಬಂದುಬಿಡಲಾ?

ವಾಸ್ಕೋ ಕನ್ನಡಿಗ:

ಮೇಡಂ, ಕೆನಡಾ ಬಗ್ಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ, ನಾನು ಆ ದಾರಿಯಲ್ಲೇ ಇದ್ದೇನೆ. ಅಲ್ಲಿ ಎನ್‌ಸಿಎ ಅಂತ ಒಂದು ಸಮಿತಿ ಇದೆ. ನಮ್ಮ ಡಿಗ್ರಿ ನೋಡಿ ಯಾವ ಯಾವ ವಿಷಯ ಬರೆಯಬೇಕು ಅಂತ ಹೇಳುತ್ತದೆ. ಸಂವಿಧಾನ, ಕ್ರಿಮಿನಲ್, ಆಡಳಿತ ಕಾನೂನು, ಕೆನಡಾ ಕಾನೂನಿನ ಬುನಾದಿ, ವೃತ್ತಿ ನೀತಿ, ಈ ಐದು ಯಾರಿಗೂ ತಪ್ಪುವುದಿಲ್ಲ. ಪರೀಕ್ಷೆ ಮನೆಯಲ್ಲೇ ಆನ್‌ಲೈನ್. ನಾನು ವಾಸ್ಕೋದ ಮನೆಯಲ್ಲಿ ಕೂತು ಮೂರು ಮುಗಿಸಿದ್ದೇನೆ. ಅದಾದ ಮೇಲೆ ಆಯಾ ಪ್ರಾಂತ್ಯದ ಬಾರ್ ಪರೀಕ್ಷೆ ಮತ್ತು ಆರ್ಟಿಕ್ಲಿಂಗ್ (ಒಬ್ಬರು ವಕೀಲರ ಕೈಕೆಳಗೆ ತರಬೇತಿ). ಆ ಆರ್ಟಿಕ್ಲಿಂಗ್ ಜಾಗ ಹುಡುಕುವುದೇ ದೊಡ್ಡ ಕಷ್ಟ ಅಂತ ಮುಂದೆ ಹೋದವರೆಲ್ಲ ಹೇಳುತ್ತಾರೆ.

11 ತಿಂಗಳಲ್ಲಿ ಆಗುವ ಕೆಲಸ ಅಲ್ಲ ಇದು. ಎರಡು ಮೂರು ವರ್ಷದ ಲೆಕ್ಕ ಇಟ್ಟುಕೊಳ್ಳಿ. ಒಂದು ಮಾತು: ಟ್ರಾನ್ಸ್‌ಕ್ರಿಪ್ಟ್ ಯೂನಿವರ್ಸಿಟಿಯಿಂದಲೇ ನೇರವಾಗಿ ಅವರಿಗೆ ಹೋಗಬೇಕು, ನಾವು ಕಳಿಸಿದರೆ ನಡೆಯುವುದಿಲ್ಲ. ಕೆನಡಾ ಮನಸ್ಸಿನಲ್ಲಿದ್ದರೆ ಊರಿನಲ್ಲಿರುವಾಗಲೇ ಆ ಕೆಲಸ ಶುರು ಮಾಡಿ.

ಮುಳಾ ಮುಠಾ:

ನಿನ್ನ ಬರಹ ಎರಡು ಸಲ ಓದಿದೆ. 'ನೀನು' ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ, ನನ್ನ ತಂಗಿಗೂ ನಿನ್ನದೇ ವಯಸ್ಸು. ನಾನು ಲೀಡ್ಸ್‌ನಲ್ಲಿ ಸಾಲಿಸಿಟರ್. ಬಾಣಂತನಕ್ಕೆ ಅಂತ ಪುಣೆಗೆ, ಕೋಥ್ರೂಡ್‌ನಲ್ಲಿರುವ ಅಮ್ಮನ ಮನೆಗೆ ಬಂದಿದ್ದೇನೆ. ಮಗು ಈಗಷ್ಟೇ ಮಲಗಿದೆ. ಎದ್ದರೆ ಅರ್ಧಕ್ಕೆ ನಿಲ್ಲಿಸಿ ಮತ್ತೆ ಬರುತ್ತೇನೆ.

ನೀನು ಈಗ ನಿಂತಿರುವ ಜಾಗದಲ್ಲಿ ನಾನೂ ನಿಂತಿದ್ದೆ. ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ ಎರಡೂವರೆ ವರ್ಷ ಓಡಾಡಿ, 2016ರಲ್ಲಿ ಎಲ್‌ಎಲ್‌ಎಂಗೆ ಹೋದೆ. ಆಗ ಓದು ಮುಗಿದ ಮೇಲೆ ಎರಡು ವರ್ಷ ಉಳಿಯುವ ವೀಸಾ ಇರಲಿಲ್ಲ. 2012ರಲ್ಲಿ ನಿಲ್ಲಿಸಿದ್ದರು, ಗ್ರಾಜುಯೇಟ್ ವೀಸಾ ಅಂತ ಮತ್ತೆ ಶುರುವಾದದ್ದು 2021ರ ಜುಲೈಯಲ್ಲಿ. ನನಗೆ ಸಿಕ್ಕಿದ್ದು ಕೋರ್ಸ್ ಮುಗಿದ ಮೇಲಿನ ನಾಲ್ಕು ತಿಂಗಳು ಅಷ್ಟೇ. 2018ರ ಜನವರಿಯಲ್ಲಿ ವಾಪಸ್ ಬಂದೆ. ಮುಂಬೈ ಏರ್‌ಪೋರ್ಟಿನಿಂದ ಬಸ್ಸಿನಲ್ಲಿ ಬಂದು ವಾಕಡ್‌ನಲ್ಲಿ ಇಳಿದರೆ ಅಪ್ಪ ಸ್ಕೂಟರ್ ತಂದು ನಿಂತಿದ್ದರು. ನನ್ನ ಹತ್ತಿರ ಎರಡು ದೊಡ್ಡ ಸೂಟ್‌ಕೇಸ್. ಅವರು ಸ್ಕೂಟರ್ ನೋಡಿದರು, ಸೂಟ್‌ಕೇಸ್ ನೋಡಿದರು, ಏನೂ ಹೇಳದೆ ರಿಕ್ಷಾ ಕರೆದರು. ಇಡೀ ದಾರಿ ರಿಕ್ಷಾದ ಹಿಂದೆಯೇ ಸ್ಕೂಟರ್ ಓಡಿಸಿಕೊಂಡು ಬಂದರು. ಆ ದಿನ ನನಗೆ ಇವತ್ತಿಗೂ ಹಸಿ ಹಸಿಯಾಗಿ ನೆನಪಿದೆ. ಆದ್ದರಿಂದ ಎಲೆ ಮುಂದೆ ಕೂತು ಊಟ ಮಾಡಲಾಗಲಿಲ್ಲ ಅಂದೆಯಲ್ಲ, ಅದು ಎಂಥದ್ದು ಅಂತ ನನಗೆ ಗೊತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ತಪ್ಪು ಆ ಎಕ್ಸೆಲ್ ಶೀಟಿನಲ್ಲೇ ಇದೆ. ಟ್ರೇನಿಂಗ್ ಕಾಂಟ್ರ್ಯಾಕ್ಟ್ ಇರುವುದು ಇನ್ನೂ ವಕೀಲರಾಗದವರಿಗೆ. ದೊಡ್ಡ ಆಫೀಸುಗಳು ಎರಡು ವರ್ಷ ಮೊದಲೇ ಆ ಜಾಗ ತುಂಬಿರುತ್ತವೆ. ಇವತ್ತು ಅರ್ಜಿ ಹಾಕಿ ಆಯ್ಕೆಯಾದರೂ ಕೆಲಸ ಶುರುವಾಗುವ ಹೊತ್ತಿಗೆ ನಿನ್ನ ವೀಸಾ ಮುಗಿದು ಒಂದು ವರ್ಷ ಆಗಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ನಿನಗೆ ಅದು ಬೇಕೇ ಇಲ್ಲ! ನಿನ್ನ ಹತ್ತಿರ ಸನದು ಇದೆ. ಅಲ್ಲಿನ ಸಾಲಿಸಿಟರ್‌ಗಳ ನಿಯಂತ್ರಣ ಸಂಸ್ಥೆ ಎಸ್‌ಆರ್‌ಎ ಲೆಕ್ಕದಲ್ಲಿ ನೀನು ಈಗಾಗಲೇ ಕ್ವಾಲಿಫೈಡ್ ಲಾಯರ್. ಬೇರೆಯವರು ಮಾಡಬೇಕಾದ ಎರಡು ವರ್ಷದ ಅನುಭವದ ಷರತ್ತು ನಿನಗೆ ಇಲ್ಲ. ಎಸ್‌ಕ್ಯೂಇ ಪಾಸಾಗಿ, ನಡತೆಯ ಪರಿಶೀಲನೆ ಮುಗಿದರೆ ಸಾಲಿಸಿಟರ್. ಎಲ್‌ಎಲ್‌ಎಂ ಇದರಲ್ಲಿ ಎಲ್ಲೂ ಬರುವುದಿಲ್ಲ. ಇದನ್ನು ನಮಗೆ ಹೋಗುವ ಮೊದಲು ಯಾರೂ ಹೇಳುವುದಿಲ್ಲ. ಎಲ್‌ಎಲ್‌ಎಂ ಓದಿದರೆ ಕೆಲಸದ ಬಾಗಿಲು ತೆರೆಯುತ್ತದೆ ಅಂತ ನಂಬಿ ಮನೆ ಅಡ ಇಡುತ್ತೇವೆ.

ಎಸ್‌ಕ್ಯೂಇ 2021ರಲ್ಲಿ ಬಂತು. ಅದರಲ್ಲಿ ಎರಡು ಭಾಗ. ಮೊದಲನೆಯದು ಎರಡು ದಿನ, ದಿನಕ್ಕೆ 180 ಪ್ರಶ್ನೆ, ಒಟ್ಟು 360. ಪ್ರತಿ ಪ್ರಶ್ನೆಗೆ ಐದು ಉತ್ತರ, ಒಂದನ್ನು ಆರಿಸಬೇಕು. ತಪ್ಪಿಗೆ ಮಾರ್ಕ್ಸ್ ಕಳೆಯುವುದಿಲ್ಲ. ಒಂದು ಪ್ರಶ್ನೆಗೆ ಸಿಗುವುದು ಒಂದೂ ಮುಕ್ಕಾಲು ನಿಮಿಷಕ್ಕಿಂತ ಕಡಿಮೆ. ಬರೆದವರಲ್ಲಿ ಹೆಚ್ಚು ಕಡಿಮೆ ಅರ್ಧ ಜನ ಫೇಲ್ ಆಗುತ್ತಾರೆ. ನಾನೂ ಮೊದಲ ಸಲ ಫೇಲ್. ಯಾಕೆ ಗೊತ್ತಾ? ಇಂಡಿಯನ್ ಕಾಂಟ್ರ್ಯಾಕ್ಟ್ ಆಕ್ಟ್ ತಲೆಯಲ್ಲಿ ಕೂತಿತ್ತು. ನಮ್ಮ 1872ರ ಕಾನೂನಿನಲ್ಲಿ, ಕೇಳಿದವನ ಇಷ್ಟದಂತೆ ಮೊದಲೇ ಮಾಡಿಕೊಟ್ಟ ಕೆಲಸವೂ ಅವನು ಆಮೇಲೆ ಕೊಟ್ಟ ಮಾತಿಗೆ ಪ್ರತಿಫಲ (ಮಾತಿಗೆ ಬದಲಾಗಿ ಕೊಡುವುದು) ಆಗುತ್ತದೆ. ಬೇರೆಯವರು ಕೊಟ್ಟ ಪ್ರತಿಫಲವೂ ನಡೆಯುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡೂ ನಡೆಯುವುದಿಲ್ಲ. ಚಿಕ್ಕ ವಯಸ್ಸಿನವರ ಒಪ್ಪಂದ ನಮ್ಮಲ್ಲಿ ಮೊದಲಿನಿಂದಲೇ ಶೂನ್ಯ, ಅಲ್ಲಿ ಹಾಗಲ್ಲ. ಪ್ರಶ್ನೆ ಓದಿದ ತಕ್ಷಣ 'ಇದು ಗೊತ್ತು' ಅನ್ನಿಸುತ್ತದೆ, ಕೈ ತಪ್ಪು ಉತ್ತರಕ್ಕೇ ಹೋಗುತ್ತದೆ. ಗೊತ್ತಿಲ್ಲದ ವಿಷಯಕ್ಕಿಂತ ಅರ್ಧ ಗೊತ್ತಿರುವ ವಿಷಯಕ್ಕೆ ಜಾಸ್ತಿ ಹೆದರು.

ಜಮೀನಿನ ಕಾನೂನು ಕೂಡ ಹಾಗೇ. ನಮ್ಮಲ್ಲಿ ಸಾತ್ ಬಾರಾ ಉತಾರೆ (ಮಹಾರಾಷ್ಟ್ರದ ಪಹಣಿ) ಇದ್ದರೂ ಅದು ಮಾಲೀಕತ್ವದ ಪುರಾವೆ ಅಲ್ಲ ಅಂತ ಕೋರ್ಟಿನಲ್ಲಿ ನಾವೇ ಎಷ್ಟು ಸಲ ವಾದ ಮಾಡಿಲ್ಲ? ಅಲ್ಲಿ ರಿಜಿಸ್ಟರ್‌ನಲ್ಲಿ ಏನಿದೆಯೋ ಅದೇ ಟೈಟಲ್. ಅದನ್ನು ಒಪ್ಪಿಕೊಳ್ಳಲು ನನ್ನ ತಲೆಗೆ ಒಂದು ತಿಂಗಳು ಬೇಕಾಯಿತು. ಸಾಲಿಸಿಟರ್ಸ್ ಅಕೌಂಟ್ಸ್ ಅಂತ ಒಂದು ಭಾಗ ಇದೆ, ಕಕ್ಷಿದಾರರ ದುಡ್ಡು ಯಾವ ಖಾತೆಯಲ್ಲಿ ಹೇಗೆ ಇಡಬೇಕು ಅನ್ನುವುದು. ಅಕೌಂಟೆಂಟ್ ಆಫೀಸಿನಲ್ಲಿದ್ದೀಯ, ನಿನಗೆ ಅದು ಸುಲಭ ಆಗಬಹುದು.

ಎರಡನೇ ಸಲ ಮುಂಬೈಯ ಸೆಂಟರ್‌ನಲ್ಲಿ ಬರೆದೆ, ಹಿಂಜವಡಿಯ ಕೆಲಸಕ್ಕೆ ರಜೆ ಹಾಕಿ. ಪಾಸಾಯಿತು. ಎರಡನೇ ಭಾಗದಲ್ಲಿ ಬರೆಯುವುದು 12, ಮಾತಾಡುವುದು 4. ಮಾತಿನ ಪರೀಕ್ಷೆಗೆ ಯುಕೆಗೇ ಹೋಗಬೇಕು. ಮ್ಯಾಂಚೆಸ್ಟರ್‌ಗೆ ಹೋದೆ. ವಾದ ಮಾಡುವುದಕ್ಕೆ 45 ನಿಮಿಷ ತಯಾರಿ, 15 ನಿಮಿಷ ಮಾತು. ಎದುರಿಗೆ ಜಡ್ಜ್ ಪಾತ್ರದಲ್ಲಿ ಒಬ್ಬರು ಸಾಲಿಸಿಟರ್. ನಮ್ಮ ನಾಲಿಗೆಗೆ 'ಯುವರ್ ಆನರ್' ಅಂಟಿಕೊಂಡಿರುತ್ತದೆ. ಅಲ್ಲಿ ಡಿಸ್ಟ್ರಿಕ್ಟ್ ಜಡ್ಜ್‌ಗೆ ಬರೀ 'ಜಡ್ಜ್' ಅನ್ನಬೇಕು. ಪಾಷಾಣ್ ಕೆರೆ ಸುತ್ತ ನಡೆಯುವಾಗ ಒಬ್ಬಳೇ 'ಜಡ್ಜ್, ಜಡ್ಜ್' ಅಂತ ಅಭ್ಯಾಸ ಮಾಡಿದ್ದೆ. ಆದರೆ ಎದ್ದು ನಿಂತು ಮಾತು ಶುರು ಮಾಡಿದ ಮೇಲೆ ಶಿವಾಜಿನಗರದ ಎರಡೂವರೆ ವರ್ಷ ಕೈ ಹಿಡಿಯಿತು. ಜಡ್ಜ್ ಮಧ್ಯ ಬಾಯಿ ಹಾಕಿದರೆ ಹೆದರದೆ ನಿಂತು ಉತ್ತರ ಕೊಡುವುದನ್ನು ಯಾವ ಎಲ್‌ಎಲ್‌ಎಂ ಕ್ಲಾಸೂ ನನಗೆ ಕಲಿಸಿರಲಿಲ್ಲ.

ಫೀಸು ಎರಡೂ ಸೇರಿ ಈಗ 4,900 ಪೌಂಡ್ ದಾಟಿದೆ. ಆದರೆ ಮೊದಲ ಭಾಗಕ್ಕೆ 1,934 ಪೌಂಡ್ ಮಾತ್ರ ಈಗ ಬೇಕಾಗುವುದು. ಕನಿಷ್ಠ ಎರಡು ವರ್ಷದ ಅನುಭವ ಇರುವವರು ಎರಡನೇ ಭಾಗದಿಂದ ವಿನಾಯಿತಿ ಕೇಳಿ ಅರ್ಜಿ ಹಾಕಬಹುದು. ತಾನಾಗಿ ಸಿಗುವುದಿಲ್ಲ, ಮಾಡಿದ ಕೆಲಸಕ್ಕೆ ಪುರಾವೆ ಕೇಳುತ್ತಾರೆ. ಕೋಚಿಂಗ್ ಕಡ್ಡಾಯ ಅಲ್ಲ. ಜುಲೈ ಪರೀಕ್ಷೆಗೆ ಕೂರು. ಒಂದು ಸಲ ಫೇಲ್ ಆದರೂ ಆರು ವರ್ಷದಲ್ಲಿ ಮೂರು ಅವಕಾಶ ಇದೆ, ಮೊದಲ ಭಾಗವನ್ನು ಮುಂಬೈಯಲ್ಲೂ ಬರೆಯಬಹುದು. ಅಂದರೆ ವೀಸಾ ಮುಗಿದರೂ ಈ ದಾರಿ ಮುಚ್ಚುವುದಿಲ್ಲ. ಇದು ಮನಸ್ಸಿನಲ್ಲಿ ಗಟ್ಟಿಯಾಗಿ ಇರಲಿ.

ಮಗು ಎದ್ದಿತು. ಏಜೆಂಟ್ ವಿಷಯ ದೊಡ್ಡದು, ಆಮೇಲೆ ಬರೆಯುತ್ತೇನೆ. ಅಲ್ಲಿಯವರೆಗೆ ಅವನಿಗೆ ಒಂದು ಪೌಂಡೂ ಕೊಡಬೇಡ.

ಘೋಡ್‌ಬಂದರ್ ರೋಡ್:

ಅಮೆರಿಕದ ಬಗ್ಗೆ ಚಿಕ್ಕದಾಗಿ. ನನ್ನ ತಮ್ಮ ನ್ಯೂಯಾರ್ಕ್ ಬಾರ್ ಪಾಸಾಗಿದ್ದಾನೆ. ಅಲ್ಲಿ 24 ಕ್ರೆಡಿಟ್‌ನ ಎಲ್‌ಎಲ್‌ಎಂ ಮಾಡಿ, ಫೆಬ್ರವರಿ ಅಥವಾ ಜುಲೈಯಲ್ಲಿ ಪರೀಕ್ಷೆ ಬರೆದು 266 ಅಂಕ ತೆಗೆದರೆ ಪಾಸ್. ಆದರೆ ಓದು ಮುಗಿದ ಮೇಲೆ ಕೆಲಸಕ್ಕೆ ಸಿಗುವುದು 12 ತಿಂಗಳು ಮಾತ್ರ. ಆಮೇಲೆ ಎಚ್1ಬಿ ಕೆಲಸದ ವೀಸಾದ ಲಾಟರಿ. 2025ರ ಸೆಪ್ಟೆಂಬರ್‌ನಿಂದ ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವವರಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ ಬೇರೆ ಆಗಿದೆ. ನನ್ನ ತಮ್ಮನಿಗೆ ಎರಡು ಸಲ ಲಾಟರಿ ಬರಲಿಲ್ಲ, ಈಗ ಲೋವರ್ ಪರೇಲ್‌ನಲ್ಲಿ ಕೆಲಸದಲ್ಲಿದ್ದಾನೆ. 36 ಲಕ್ಷದ ಮೇಲೆ ಇನ್ನೊಂದು ಎಲ್‌ಎಲ್‌ಎಂಗೆ ಸಾಲ ಮಾಡಬೇಡಿ ತಂಗಿ.

ಡೊಂಬಿವಲಿ ಈಸ್ಟ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಳಾ ಮುಠಾ ಅಕ್ಕ, ನಿಮ್ಮದನ್ನು ಅಮ್ಮನಿಗೂ ಓದಿ ಹೇಳಿದೆ. ಟ್ರೇನಿಂಗ್ ಕಾಂಟ್ರ್ಯಾಕ್ಟ್ ನನಗೆ ಬೇಡವೇ ಬೇಡ ಅನ್ನುವುದು ಇಷ್ಟು ದಿನದಲ್ಲಿ ಒಬ್ಬರೂ ಹೇಳಿರಲಿಲ್ಲ. ಶೀಟ್ ತೆಗೆದು ನೋಡಿದೆ, 132ರಲ್ಲಿ 81 ಅವೇ.

ಒಂದು ಸಂಶಯ. ಪರೀಕ್ಷೆ ಜುಲೈಯಲ್ಲಿ, ಫಲಿತಾಂಶ ಬರುವ ಹೊತ್ತಿಗೆ ವೀಸಾ ಮುಗಿಯುತ್ತಾ ಬಂದಿರುತ್ತದೆ. ಅಷ್ಟರವರೆಗೆ ಯಾವ ಕೆಲಸಕ್ಕೆ ಅರ್ಜಿ ಹಾಕಲಿ? ಚೆಕ್ ಬೌನ್ಸ್ ಕೇಸು, ದರಖಾಸ್ತು (ಕೋರ್ಟಿನ ಡಿಕ್ರಿ ಜಾರಿ ಮಾಡಿಸುವುದು), ಬಾಡಿಗೆ ಜಗಳ, ಇಷ್ಟೇ ನಾನು ಮಾಡಿದ್ದು. ಕಲ್ಯಾಣದ ಕೆಲಸಕ್ಕೆ ಲಂಡನ್‌ನಲ್ಲಿ ಏನು ಬೆಲೆ?

ಮಾಟುಂಗಾ 19:

ಬೆಲೆ ಇದೆಯಮ್ಮ. ನನ್ನ ಕಥೆ ಹೇಳುತ್ತೇನೆ.

ನಾನು ಎಲ್‌ಎಲ್‌ಎಂ ಮಾಡಿದವನಲ್ಲ. ಹನ್ನೊಂದು ವರ್ಷ ಮುಂಬೈಯಲ್ಲಿ ಬ್ಯಾಂಕುಗಳ ವಸೂಲಿ ಕೇಸು ನಡೆಸಿ, ಆಮೇಲೆ ದುಬೈಯಲ್ಲಿ ಒಂದು ಕಂಪನಿಯ ಲೀಗಲ್ ವಿಭಾಗದಲ್ಲಿ ಆರು ವರ್ಷ ಇದ್ದೆ. ಈಗ ವಾಪಸ್ ಬಂದಿದ್ದೇನೆ. ಅಲ್ಲಿ ಎರಡು ಲೋಕ ಇವೆ. ದೇಶದ ಕೋರ್ಟುಗಳು ಅರಬ್ಬಿಯಲ್ಲಿ ನಡೆಯುತ್ತವೆ, ನಮಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ದುಬೈಯ ಡಿಐಎಫ್‌ಸಿ, ಅಬುಧಾಬಿಯ ಎಡಿಜಿಎಂ ಅನ್ನುವ ಹಣಕಾಸು ವಲಯಗಳಲ್ಲಿ ಬೇರೆ ಕೋರ್ಟುಗಳು. ಅಲ್ಲಿ ಕಾಮನ್ ಲಾ (ಇಂಗ್ಲೆಂಡ್ ಮಾದರಿಯ ಕಾನೂನು), ಭಾಷೆ ಇಂಗ್ಲಿಷ್. ನಮ್ಮ ತರಬೇತಿ ಅಲ್ಲಿ ಹೊಂದುತ್ತದೆ. ಕಂಪನಿಗಳ ಒಳಗಿನ ಲೀಗಲ್ ಕೆಲಸಕ್ಕೂ ನಮ್ಮವರು ಬಹಳ ಇದ್ದಾರೆ. ಅವರು ಡಿಗ್ರಿಗಿಂತ ವರ್ಷ ಎಣಿಸುತ್ತಾರೆ. ಮೂರು ವರ್ಷ ಅಲ್ಲಿಗೆ ಸ್ವಲ್ಪ ಕಡಿಮೆ, ಐದು ಆರು ಇದ್ದರೆ ಒಳ್ಳೆಯದು.

ಈಗ ದರಖಾಸ್ತಿನ ವಿಷಯ. 2020ರ ಜನವರಿಯಲ್ಲಿ ಭಾರತ ಸರ್ಕಾರ ಯುಎಇಯನ್ನು ಸಿವಿಲ್ ಪ್ರೊಸೀಜರ್ ಕೋಡ್‌ನ 44ಎ ಕಲಮಿನ ಕೆಳಗೆ ತಂದಿತು. ಅಲ್ಲಿನ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ಕೋರ್ಟಿನಲ್ಲಿ ನಮ್ಮದೇ ಡಿಕ್ರಿಯ ಹಾಗೆ ಜಾರಿ ಮಾಡಬಹುದು. ಬ್ರಿಟನ್ ಆ ಪಟ್ಟಿಯಲ್ಲಿ ಮೊದಲಿನಿಂದಲೂ ಇದೆ. ಅಂದರೆ ಲಂಡನ್‌ನಲ್ಲಿ ಕೇಸು ಗೆದ್ದವನಿಗೆ ಸಾಲಗಾರನ ಆಸ್ತಿ ಇಂಡಿಯಾದಲ್ಲಿದ್ದರೆ ಮುಂದಿನ ಕೆಲಸ ದರಖಾಸ್ತು. ಕೋರ್ಟಿನ ಬೇಲಿಫ್ (ಜಪ್ತಿಗೆ ಹೋಗುವ ನೌಕರ) ಯಾವಾಗ ಹೋಗುತ್ತಾನೆ, ಎದುರು ಪಕ್ಷದವರು ಯಾವ ನೆಪ ತೆಗೆಯುತ್ತಾರೆ, ಎಷ್ಟು ತಾರೀಖು ಬೀಳುತ್ತದೆ, ಅಲ್ಲಿನ ಆಫೀಸಿನಲ್ಲಿ ಕೂತವರಿಗೆ ಇದು ಗೊತ್ತಿಲ್ಲ. ನಿಮಗೆ ಗೊತ್ತು. ವಸೂಲಿ ಕೆಲಸ ಮಾಡುವ, ಇಂಡಿಯಾದ ಕಕ್ಷಿದಾರರಿರುವ ಆಫೀಸುಗಳನ್ನು ಹುಡುಕಿ ನೇರವಾಗಿ ಪಾರ್ಟ್‌ನರ್‌ಗೇ ಬರೆಯಿರಿ.

ಮುಂದೆ ದುಬೈ ನೋಡುವುದಾದರೆ ಡಿಗ್ರಿಗೆ ಬರೀ ಅಪೊಸ್ಟಿಲ್ (ನಮ್ಮ ಸರ್ಕಾರದ ದೃಢೀಕರಣ) ಸಾಲದು, ಯುಎಇ ಕಡೆಯ ಅಟೆಸ್ಟೇಷನ್ ಕೂಡ ಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ಮುಳಾ ಮುಠಾ:

ಮಾಟುಂಗಾದವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ನನಗೆ ಲೀಡ್ಸ್‌ನಲ್ಲಿ ಕೆಲಸ ಸಿಕ್ಕಿದ್ದೂ ಹಾಗೇ.

ಮೊದಲು ಏಜೆಂಟ್. ಸ್ಪಾನ್ಸರ್‌ಶಿಪ್ ದುಡ್ಡಿಗೆ ಮಾರುವ ವಸ್ತು ಅಲ್ಲ. ಸ್ಪಾನ್ಸರ್ ಲೈಸೆನ್ಸಿನ ಫೀಸು, ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ ಫೀಸು ಕಂಪನಿಯೇ ಕಟ್ಟಬೇಕು. 2024ರ ಡಿಸೆಂಬರ್ 31ರಿಂದ ಅದನ್ನು ಕೆಲಸದವರಿಂದ ವಸೂಲಿ ಮಾಡುವ ಹಾಗೂ ಇಲ್ಲ. ಅವನು ಕೊಡಿಸುವುದು ಇಲ್ಲದ ಕೆಲಸ. ಸಿಕ್ಕಿಬಿದ್ದರೆ ಬೇರೆಯವರಿಗೆ ವೀಸಾ ಹೋಗುತ್ತದೆ. ನಿನಗೆ ಅದರ ಜೊತೆ ವೃತ್ತಿಯೇ ಹೋಗುತ್ತದೆ. ಸಾಲಿಸಿಟರ್ ಆಗುವಾಗ ಪ್ರಾಮಾಣಿಕತೆಯನ್ನೇ ಮೊದಲು ನೋಡುವುದು. ನಿನ್ನ ಅಪ್ಪ ಅಷ್ಟು ವರ್ಷ ಕಾಗದ ಹೊಲಿದು ನಿನ್ನನ್ನು ಓದಿಸಿದ್ದು ಇದಕ್ಕಲ್ಲ. ಅವನ ನಂಬರ್ ಇವತ್ತೇ ಬ್ಲಾಕ್ ಮಾಡು.

ಲೈಸೆನ್ಸ್ ಇರುವ ಸ್ಪಾನ್ಸರ್‌ಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕಿದೆ. ಅರ್ಜಿ ಹಾಕುವ ಮೊದಲು ಆ ಹೆಸರು ಅದರಲ್ಲಿ ಇದೆಯಾ ನೋಡು. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ (ಸ್ಪಾನ್ಸರ್ ಇರುವ ಕೆಲಸದ ವೀಸಾ) ಹೊಸದಾಗಿ ಬರುವವರ ಕೆಲಸ ಸಾಮಾನ್ಯವಾಗಿ ಡಿಗ್ರಿ ಮಟ್ಟದ್ದೇ ಆಗಬೇಕು. ಆದ್ದರಿಂದ ಪ್ಯಾರಾಲೀಗಲ್ ಅನ್ನುವ ಹೆಸರನ್ನು ನಂಬಿ ಕೂರಬೇಡ. ಸಂಬಳದ ಸಾಮಾನ್ಯ ಮಿತಿ 41,700 ಪೌಂಡ್. ಗ್ರಾಜುಯೇಟ್ ವೀಸಾದಿಂದ ಬದಲಾಗುವವರಿಗೆ ರಿಯಾಯಿತಿ ಇದೆ, 33,400. ಆಯಾ ಕೆಲಸಕ್ಕೆ ಬೇರೆ ದರವೂ ಇರುತ್ತದೆ, ಅದನ್ನೂ ನೋಡಬೇಕು. ಈ ರಿಯಾಯಿತಿ ನಿನ್ನ ಪರವಾಗಿದೆ. ಇಂಟರ್‌ವ್ಯೂನಲ್ಲಿ ನೀನೇ ಬಾಯಿ ಬಿಟ್ಟು ಹೇಳು, ಸಣ್ಣ ಆಫೀಸಿನವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು: 2027ರ ಜನವರಿ 1ರಿಂದ ಮಾಸ್ಟರ್ಸ್ ಮುಗಿಸಿ ಅರ್ಜಿ ಹಾಕುವವರಿಗೆ ಆ ವೀಸಾ ಎರಡು ವರ್ಷದ ಬದಲು 18 ತಿಂಗಳು.

ಸಾಲಿಸಿಟರ್ ಆಗುವವರೆಗೆ ಏನು ಮಾಡಲಿ ಅಂದೆ. ಅಲ್ಲಿನ 2007ರ ಕಾನೂನು ಆರು ಬಗೆಯ ಕೆಲಸವನ್ನು ಮಾತ್ರ ಮೀಸಲು ಇಟ್ಟಿದೆ. ಕೋರ್ಟಿನಲ್ಲಿ ವಾದ, ಕೇಸು ನಡೆಸುವುದು, ಆಸ್ತಿ ಪತ್ರ, ಹೀಗೆ. ಒಪ್ಪಂದ ಬರೆಯುವುದು, ತಿದ್ದುವುದು ಸಾಮಾನ್ಯವಾಗಿ ಅದರಲ್ಲಿ ಇಲ್ಲ. ಕಂಪನಿಗಳಲ್ಲಿ ಲೀಗಲ್ ಕೌನ್ಸೆಲ್, ಕಾಂಟ್ರ್ಯಾಕ್ಟ್ಸ್ ಮ್ಯಾನೇಜರ್, ಕಂಪ್ಲಯನ್ಸ್ ಅಂತ ಬರುವ ಕೆಲಸಗಳಿಗೆ ಇವತ್ತೇ ಅರ್ಜಿ ಹಾಕಬಹುದು.

ಇನ್ನು ಸಿವಿ. ನನಗೆ ಗೊತ್ತು, ನಿನ್ನದರಲ್ಲಿ ಎಲ್‌ಎಲ್‌ಎಂ ಮೇಲೆ ದಪ್ಪ ಅಕ್ಷರದಲ್ಲಿದೆ, ಕಲ್ಯಾಣ ಕೊನೆಗೆ ಎರಡು ಸಾಲಿನಲ್ಲಿದೆ. ನನ್ನದೂ ಹಾಗೇ ಇತ್ತು. ಅದನ್ನು ತಿರುಗಿಸು. ನೀನು ಎಲ್‌ಎಲ್‌ಎಂ ಮುಗಿಸಿ ಕೆಲಸ ಹುಡುಕುವ ಹುಡುಗಿ ಅಲ್ಲ. ಮೂರು ವರ್ಷ ಕೋರ್ಟಿನಲ್ಲಿ ನಿಂತ ವಕೀಲೆ, ಜೊತೆಗೆ ಎಲ್‌ಎಲ್‌ಎಂ ಇದೆ. ಊರಿನಲ್ಲಿದ್ದೀಯಲ್ಲ, ನಿನ್ನ ಹಳೆಯ ಡೈರಿಗಳನ್ನು ತೆಗೆ. ಎಷ್ಟು ಕೇಸು, ಎಷ್ಟು ಸಾಕ್ಷಿಗಳ ಪಾಟೀ ಸವಾಲು, ಎಷ್ಟು ದುಡ್ಡಿನ ವಸೂಲಿ, ಒಂದೊಂದಾಗಿ ಎಣಿಸು. ಕಕ್ಷಿದಾರರ ಹೆಸರು ಎಲ್ಲೂ ಬರೆಯಬೇಡ. ಮಾತುಗಳನ್ನು ಅವರಿಗೆ ತಿಳಿಯುವ ಹಾಗೆ ಬದಲಾಯಿಸು. ವಕಾಲತ್ತು, ರೋಜ್‌ನಾಮಾ ಅವರಿಗೆ ಅರ್ಥ ಆಗುವುದಿಲ್ಲ. ಚೆಕ್ ಬೌನ್ಸ್ ಅನ್ನುವುದು ಡೆಟ್ ರಿಕವರಿ. ದರಖಾಸ್ತು ಅನ್ನುವುದು ಜಡ್ಜ್‌ಮೆಂಟ್ ಎನ್‌ಫೋರ್ಸ್‌ಮೆಂಟ್. ಸೀನಿಯರ್ ಹತ್ತಿರ ಹೋಗಿ ಈ ಲೆಕ್ಕ ಸೇರಿಸಿ ಒಂದು ಪತ್ರ ಬರೆಸಿಕೋ, ಮುಂದೆ ವಿನಾಯಿತಿ ಕೇಳುವಾಗಲೂ ಬೇಕಾಗುತ್ತದೆ.

ಬಾರ್ ಕೌನ್ಸಿಲ್‌ಗೂ ಒಂದು ಸಲ ಹೋಗಿ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ವಕೀಲೆಯಾಗಿ ನಿನ್ನ ದಾಖಲೆ ಚೊಕ್ಕವಾಗಿದೆ ಅನ್ನುವ ಪತ್ರ) ಹೇಗೆ ತೆಗೆಯಬೇಕು, ನೀನಿಲ್ಲದಾಗ ಮನೆಯವರು ಅರ್ಜಿ ಕೊಡಬಹುದಾ ಅಂತ ಕೇಳಿಕೊಂಡು ಬಾ. ಬೇಕಾದಾಗ ತಾಜಾ ಸರ್ಟಿಫಿಕೇಟೇ ಕೊಡಬೇಕು, ಹಳೆಯದು ನಡೆಯುವುದಿಲ್ಲ. ಸಂಬಳದ ಕೆಲಸಕ್ಕೆ ಸೇರಿದರೆ ಬಾರ್ ಕೌನ್ಸಿಲ್‌ಗೆ ತಿಳಿಸಿ ಇಲ್ಲಿನ ಪ್ರಾಕ್ಟೀಸ್ ನಿಲ್ಲಿಸಬೇಕು ಅನ್ನುವ ನಿಯಮ ಇದೆ, ಅದನ್ನೂ ವಿಚಾರಿಸು. ಸನದು ನಿನ್ನ ಹತ್ತಿರ ಇರುವ ಅತಿ ದೊಡ್ಡ ಕಾಗದ, ಅದಕ್ಕೆ ಒಂದು ಚುಕ್ಕೆಯೂ ಬೀಳಬಾರದು.

ಡೊಂಬಿವಲಿ ಈಸ್ಟ್:

ಅಕ್ಕ, ಏಜೆಂಟ್ ನಂಬರ್ ಬ್ಲಾಕ್ ಮಾಡಿದೆ.

ನಿನ್ನೆ ರಾತ್ರಿ ಅಟ್ಟದಿಂದ ಮೂರು ಡೈರಿ ಇಳಿಸಿ ಲೆಕ್ಕ ಹಾಕಿದೆ. ಚೆಕ್ ಬೌನ್ಸ್ 61. ದರಖಾಸ್ತು 14, ಅದರಲ್ಲಿ 9 ಪೂರ್ತಿ ವಸೂಲಿ. ಪಾಟೀ ಸವಾಲು ನಾನೊಬ್ಬಳೇ ಮಾಡಿದ್ದು 23. ಇಷ್ಟು ಇದೆ ಅಂತ ನನಗೇ ಗೊತ್ತಿರಲಿಲ್ಲ. ಹೆಸರಿಲ್ಲದೆ ಒಂದು ಪಟ್ಟಿ ಮಾಡಿ ಬೆಳಿಗ್ಗೆ ಅಂಗಡಿಗೆ ತೆಗೆದುಕೊಂಡು ಹೋದೆ, ಪ್ರಿಂಟ್ ತೆಗೆಯಲು. ಕೆಲಸ ಇಲ್ಲ ಅನ್ನುವುದನ್ನು ಅಲ್ಲೇ ಅಪ್ಪನಿಗೂ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಕನ್ನಡಕ ಹಾಕಿಕೊಂಡು ಪಟ್ಟಿ ಓದಿದರು. 'ಭಿವಂಡಿಯ ಮಗ್ಗದವರ ಕೇಸು ಎಲ್ಲಿ? ನೂಲಿನ ಒಪ್ಪಂದದ್ದು? 340 ಪುಟ, ನಾನೇ ನಾಲ್ಕು ಸೆಟ್ ಜೆರಾಕ್ಸ್ ಮಾಡಿದ್ದೆ' ಅಂದರು. ನಿಜ, ನಾನು ಅದನ್ನು ಬಿಟ್ಟೇಬಿಟ್ಟಿದ್ದೆ. ಎರಡು ಕಂಪನಿಗಳ ನಡುವಿನ ಪೂರೈಕೆ ಒಪ್ಪಂದದ ಕೇಸು, ಪೂರ್ತಿ ಕರಡು ನನ್ನದೇ. ಅದನ್ನೇ ಸಿವಿಯಲ್ಲಿ ಮೊದಲು ಹಾಕಿದ್ದೇನೆ.

ಸೋಮವಾರ ಫೋರ್ಟ್‌ಗೆ, ಬಾರ್ ಕೌನ್ಸಿಲ್‌ಗೆ ಹೋಗುತ್ತಿದ್ದೇನೆ. ಅಪ್ಪನೂ ಬರುತ್ತಾರಂತೆ, ಮುಂದೆ ಅರ್ಜಿ ಕೊಡಲು ಅವರೇ ಹೋಗಬೇಕಾದರೆ ಕೌಂಟರ್ ಗೊತ್ತಿರಲಿ ಅಂತ. ಸನದಿನ ಮೂಲ ಪ್ರತಿ ತೋರಿಸಬೇಕಾ ಅಕ್ಕ, ಇಲ್ಲ ಜೆರಾಕ್ಸ್ ಸಾಕಾ?